ಅರ್ಥಧಾರಿಯ ಸಂದರ್ಶನ

ಯಾವುದನ್ನೂ ಸುಲಭವಾಗಿ ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ನನ್ನದಲ್ಲ, ತಾಳಮದ್ದಳೆಯದು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಪುರಾಣದ ಪಾತ್ರಗಳಾಗಿ ವಾದಿಸುವ ಈ ಕಲೆಯಲ್ಲಿ ಇಪ್ಪತ್ತು ವರ್ಷ ಅರ್ಥ ಹೇಳಿದವನು ನಾನು. ಅಲ್ಲಿ ಯಾರು ಸರಿ ಎಂಬುದು ಮುಖ್ಯವಲ್ಲ. ಸಂಘಟಕರು ಯಾವ ಪಾತ್ರ ಕೊಟ್ಟರೋ ಅದರ ಪಕ್ಷ ಹಿಡಿದು ಎದುರಿನವರ ಬಾಯಿ ಮುಚ್ಚಿಸಬೇಕು. ಒಮ್ಮೆ ಕೆಮ್ಮಣ್ಣು ಎಂಬ ಊರಿನಲ್ಲಿ, ಕಥೆಯ ಪ್ರಕಾರ ಸೋತು ಶರಣಾಗಬೇಕಾದ ಪಾತ್ರ ನನಗೆ ಬಂದಿತ್ತು. ನಾನು ಶರಣಾಗಲು ಒಪ್ಪಲೇ ಇಲ್ಲ. ಭಾಗವತರು ಮುಂದಿನ ಪದ್ಯಕ್ಕೆಂದು ಮೂರು ಸಲ ಬಾಯಿ ತೆರೆದು ಮುಚ್ಚಿದರು. ಕೊನೆಗೆ ಬಡಿಸುವವರು ಬಂದು ಊಟ ತಣಿಯುತ್ತದೆ ಎಂದ ಮೇಲೆ ಕಥೆಗೆ ಅರ್ಧದಲ್ಲೇ ಮಂಗಳ ಹಾಡಿದರು.

ಹೊಟ್ಟೆಪಾಡಿಗೆ ನಾನು ಕಾರ್ಕಳದ ಒಂದು ಮುದ್ರಣಾಲಯದಲ್ಲಿ ಕಚೇರಿ ನೋಡಿಕೊಳ್ಳುತ್ತಿದ್ದೆ. ಅದು ಬಾಗಿಲು ಹಾಕಿ ಎಂಟು ತಿಂಗಳಾಗಿತ್ತು. ಉಡುಪಿಯಲ್ಲಿ ಟೀಚರ್ ಆಗಿರುವ ನನ್ನ ಹೆಂಡತಿ ಸುಮತಿ ಬೆಳಗ್ಗೆ ಬಸ್ಸಿಗೆ ಓಡುವಾಗ ನಾನು ಗೇಟಿನ ಬಳಿ ನಿಂತು ಕೈಬೀಸುವುದು ನೆರೆಹೊರೆಯವರಿಗೆ ಅಭ್ಯಾಸವಾಗಿತ್ತು, ನನಗೆ ಆಗಿರಲಿಲ್ಲ. "ಈಗ ಎಂತ ಮಾಡ್ಕೊಂಡಿದ್ದೀರಿ?" ಎಂದು ಯಾರಾದರೂ ಕೇಳಿಯಾರೆಂದು ಮದುವೆಗಳಿಗೆ ಹೋಗುವುದನ್ನೂ ಬಿಟ್ಟಿದ್ದೆ. ಆಗಲೇ ಮಣಿಪಾಲದ ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದು, ಗ್ರಾಹಕರ ದೂರು ಕೇಳಲು ಒಬ್ಬ ಮ್ಯಾನೇಜರ್ ಬೇಕೆಂದು ಜಾಹೀರಾತು ಕೊಟ್ಟಿತು. ನನಗೆ ಆ ಕೆಲಸ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ತುಂಬಾ ಬೇಕಿತ್ತು.

ಕಾಲೇಜಿಗೆ ಹೋಗುವ ಮಗಳು ನಿಶಾ, ಸಂದರ್ಶನದ ಕಷ್ಟದ ಪ್ರಶ್ನೆಗಳನ್ನೆಲ್ಲ ಮೊಬೈಲಿನಿಂದ ಹೆಕ್ಕಿಕೊಂಡು ನನ್ನೆದುರು ಕುಳಿತಳು. "ನಿಮ್ಮ ದೌರ್ಬಲ್ಯ ಏನು?" ಎಂದಳು. ದೌರ್ಬಲ್ಯವೆಂದರೇನು ಎಂಬುದು ಮೊದಲು ತೀರ್ಮಾನವಾಗಲಿ ಎಂದೆ. "ಐದು ವರ್ಷ ಕಳೆದು ಎಲ್ಲಿರ್ತೀರಿ?" ಎಂದಳು. ನಿಮ್ಮ ಅಂಗಡಿ ಎಲ್ಲಿರುತ್ತದೆಂದು ಹೇಳಿದರೆ ನಾನೆಲ್ಲಿರುತ್ತೇನೆಂದು ಹೇಳಬಹುದು ಎಂದೆ. ನಿಶಾ ಮೊಬೈಲ್ ಕೆಳಗಿಟ್ಟಳು. "ಪಪ್ಪ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ತಿರುಗಿ ಪ್ರಶ್ನೆ ಕೇಳ್ಲಿಕ್ಕಿಲ್ಲ." ಅಡುಗೆಮನೆಯಿಂದ ಸುಮತಿ, "ನಿಮ್ಮ ಅರ್ಥಗಾರಿಕೆ ಅಲ್ಲಿ ತೆಗೀಬೇಡಿ ಮಾರ್ರೆ, ಕೈಮುಗಿತೇನೆ" ಎಂದಳು.

ಸಂದರ್ಶನಕ್ಕೆ ಕುಳಿತವರು ಅಂಗಡಿಯ ಯಜಮಾನರೊಬ್ಬರೇ, ಅರುವತ್ತು ದಾಟಿದ ಹಿರಿಯರು. ದೌರ್ಬಲ್ಯ ಕೇಳಿದರು. ಕೆಲಸ ಹಿಡಿದರೆ ಊಟ ಮರೆಯುತ್ತೇನೆ ಎಂದು ಮಗಳು ಕಲಿಸಿದ ಸುಳ್ಳನ್ನು ಒಪ್ಪಿಸಿದೆ. ಐದು ವರ್ಷದ ನಂತರ ಎಲ್ಲಿ ಎಂದರು. ಇಲ್ಲೇ ಎಂದೆ. ನಾಲಿಗೆ ತುರಿಸುತ್ತಿತ್ತು, ಕಚ್ಚಿ ಹಿಡಿದೆ. ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಅವರ ಕಣ್ಣು ಅರ್ಜಿಯ ಹವ್ಯಾಸದ ಸಾಲಿನ ಮೇಲೆ ಬಿತ್ತು. "ಓಹೋ, ನೀವು ಅರ್ಥಧಾರಿಯಾ? ನಾನು ಸಹ ಅರ್ಥ ಹೇಳ್ತಿದ್ದೆ ಮಾರಾಯ್ರೆ, ಅಂಗಡಿ ಮಾಡಿದ ಮೇಲೆ ಬಿಟ್ಟುಹೋಯ್ತು" ಎಂದವರೇ ಚಪ್ಪಲಿ ಕಳಚಿ, ತಿರುಗುವ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. "ಹಾಗಾದ್ರೆ ಒಂದು ಕಷ್ಟದ ಪ್ರಶ್ನೆ ಉಂಟು. ದೂರು ಹಿಡ್ಕೊಂಡು ಬಂದವರ ಎದುರು ಮಾತಿನಲ್ಲಿ ನಿಲ್ಲುವ ಜನ ಬೇಕು ನಮಗೆ. ಈ ಹುದ್ದೆ ಬೇಕು ಅಂತ ನಾನು ಹೇಳ್ತೇನೆ. ಬೇಡ ಅಂತ ನೀವು ಹೇಳಿ. ನೋಡುವ."

ಮರ್ಯಾದೆಯಿಂದ ಸೋಲಬೇಕೆಂದೇ ಶುರುಮಾಡಿದೆ, ದೇವರಾಣೆ. ಆದರೆ ಅವರು ಮೇಜನ್ನು ಮದ್ದಳೆಯಂತೆ ಎರಡು ಸಲ ತಟ್ಟಿ, "ದೂರು ಕೇಳುವ ಕಿವಿಯಿಲ್ಲದ ಅಂಗಡಿ ಒಂದು ಅಂಗಡಿಯೇ?" ಎಂದು ಸ್ವರ ಏರಿಸಿದರು. ಅಷ್ಟೇ ಸಾಕಾಯಿತು. "ದೂರು ಎಲ್ಲಿದೆ ಸ್ವಾಮಿ?" ಎಂದೆ. ನಮ್ಮ ಜಿಲ್ಲೆಯಲ್ಲಿ ಪರಿಚಯದವರಿಲ್ಲದ ಅಂಗಡಿಯಿಂದ ಯಾರೂ ಮಿಕ್ಸಿ ತರುವುದಿಲ್ಲ. ಪರಿಚಯದವರಿಂದ ತಂದ ಮಿಕ್ಸಿ ಹಾಳಾದರೆ ಹೇಳಲು ದಾಕ್ಷಿಣ್ಯ. ಅದನ್ನು ಕಾಪುವಿನ ಮದುವೆಯಲ್ಲಿ ಹೇಳುತ್ತಾರೆ, ಬಜಗೋಳಿಯ ಬಸ್ಸಿನಲ್ಲಿ ಹೇಳುತ್ತಾರೆ. ಅಂಗಡಿಗೆ ಬಂದರೆ ಮಾತ್ರ 'ಲಾಯ್ಕ ಉಂಟು' ಎಂದು ಹೇಳಿ ಇನ್ನೊಂದು ಕುಕ್ಕರ್ ಕೊಂಡುಹೋಗುತ್ತಾರೆ. ಆದ್ದರಿಂದ ದೂರಿನ ಮ್ಯಾನೇಜರನ್ನು ಕೂರಿಸಬೇಕಾದದ್ದು ಅಂಗಡಿಯಲ್ಲಲ್ಲ, ಬಸ್ಸಿನಲ್ಲಿ! ಯಜಮಾನರು ಬಿಡಲಿಲ್ಲ. "ಮಣಿಪಾಲಕ್ಕೆ ಓದ್ಲಿಕ್ಕೆ ಬಂದ ಹೊರಗಿನ ಮಕ್ಕಳು?" ಎಂದರು. "ಅವರ ದೂರು ನನಗೆ ತಿಳಿಯುವುದಿಲ್ಲ, ನನ್ನ ಸಮಾಧಾನ ಅವರಿಗೆ ತಿಳಿಯುವುದಿಲ್ಲ. ಇಬ್ಬರೂ ಸುಮ್ಮನೆ ನೋಡಿಕೊಂಡು ಕೂರಲು ಒಂದು ಹುದ್ದೆಯೇ?" ಎಂದು ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಬಾಗಿಲಲ್ಲಿ ನೆರೆದಿದ್ದ ಸೇಲ್ಸ್‌ನವರು ಚಪ್ಪಾಳೆ ತಟ್ಟಿದರು.

ಮುಕ್ಕಾಲು ಗಂಟೆಯ ನಂತರ ಯಜಮಾನರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಸೋತೆ ಮಾರಾಯ್ರೆ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಈ ಹುದ್ದೆ ನಮಗೆ ಬೇಡ" ಎಂದು ಬೆಲ್ ಒತ್ತಿ, ಸಂದರ್ಶನಕ್ಕೆಂದು ಹೊರಗೆ ಕಾಯುತ್ತಿದ್ದ ಉಳಿದ ಮೂವರಿಗೆ ಚಾ ಕೊಟ್ಟು ಕಳುಹಿಸಲು ಹೇಳಿದರು. "ಹಾಗಾದರೆ ನಾನು?" ಎಂದೆ. "ನಿಮ್ಮಂಥವರು ಸಿಗುವುದು ಕಷ್ಟ. ಆದ್ರೆ ಯಾವ ಹುದ್ದೆಗೆ ಅಂತ ತೆಗೆದುಕೊಳ್ಳುವುದು, ನೀವೇ ಹೇಳಿ" ಎಂದರು. ಅದಕ್ಕೂ ಉತ್ತರ ನನ್ನಲ್ಲಿತ್ತು. ಆದರೆ ಅದನ್ನು ಹೇಳಬೇಕಾದರೆ ಆಗಷ್ಟೇ ಗೆದ್ದ ವಾದವನ್ನು ನಾನೇ ಮುರಿಯಬೇಕಿತ್ತು, ಅದೂ ಹತ್ತು ಜನರ ಎದುರು. ಕೈಮುಗಿದು ಹೊರಬಂದೆ.

ಉಡುಪಿಯ ಬಸ್ ನಿಲ್ದಾಣದಲ್ಲಿ ಶಾಲೆ ಮುಗಿಸಿ ಬಂದ ಸುಮತಿ ಸಿಕ್ಕಿದಳು. ನನ್ನ ಮುಖದ ಕಳೆ ನೋಡಿ, "ಆಯ್ತಾ?" ಎಂದಳು. "ಯಜಮಾನರ ಕಣ್ಣಲ್ಲಿ ನೀರು ಬಂತು" ಎಂದೆ. ಸುಳ್ಳಲ್ಲವಲ್ಲ! ಅವಳ ಮುಖ ಅರಳಿದ್ದನ್ನು ಕಂಡು ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ಕಾರ್ಕಳದ ಬಸ್ಸು ಹೊರಟಿತು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಇಳಿಯುವುದರೊಳಗೆ ಅವಳಿಗೆ ಹೇಳಲು ಒಂದು ಒಳ್ಳೆಯ ವಾದ ಬೇಕಿತ್ತು, ಹೊಂದಿಸತೊಡಗಿದೆ. ಬೈಲೂರು ದಾಟುವಷ್ಟರಲ್ಲಿ, ಆ ಕೆಲಸ ಸಿಗದಿದ್ದುದೇ ನಮ್ಮ ಅದೃಷ್ಟವೆಂದು ನನಗಂತೂ ಪೂರ್ತಿ ಮನವರಿಕೆಯಾಗಿತ್ತು. ಮುಂದಿನ ಸೀಟಿನಲ್ಲಿ ಸುಮತಿ ತನ್ನ ತಂಗಿಗೆ ಫೋನು ಮಾಡಿ, ಇವರಿಗೆ ಕೆಲಸ ಸಿಕ್ಕಿತು ಎಂದು ಹೇಳುತ್ತಿದ್ದಳು.