ಇಪ್ಪತ್ತೆರಡು ಸೆಕೆಂಡಿನ ಕೌಸಲ್ಯಾ

ವಾರಿಜಾ ಅವರ ತಂಗಿಯ ಮದುವೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದದ್ದೇ ಇಷ್ಟೆಲ್ಲ ರಾಮಾಯಣಕ್ಕೆ ಕಾರಣ. ಎಂಟು ವರ್ಷ ಬರೋಡಾದಲ್ಲಿ ತಂಗಿಯ ಕಪಾಟಿನ ತಳದಲ್ಲಿದ್ದ ಆ ಕ್ಯಾಸೆಟ್ಟು 1993ರ ಮಳೆಗಾಲದಲ್ಲಿ ಮುಂಬಯಿಯ ವಡಾಲಕ್ಕೆ ಬಂದಾಗ ಟೇಪಿನ ಮೇಲೆಲ್ಲ ಬಿಳಿ ಚುಕ್ಕೆಗಳೆದ್ದಿದ್ದವು. ವಿಡಿಯೋ ಲೈಬ್ರರಿಯವನು ಅದನ್ನು ಎತ್ತಿ ನೋಡಿ, "ಏಕ್ ಬಾರ್ ಚಲೇಗಾ, ಬಸ್" ಎಂದು, ಒಂದೇ ಸಲ ಓಡೀತೆಂದು ಹೇಳಿ ಕೈತೊಳೆದುಕೊಂಡ.

ಪಕ್ಕದ ಮನೆಯ ಸತ್ಯಮೂರ್ತಿಗೆ ಆ ಮದುವೆಯ ಗಂಡೂ ಬೇಕಿರಲಿಲ್ಲ, ಹೆಣ್ಣೂ ಬೇಕಿರಲಿಲ್ಲ. ಮಂಟಪದ ಪಕ್ಕದಲ್ಲಿ ಕೌಸಲ್ಯಾ ಕಾಣಿಸುತ್ತಾಳೆ ಎಂದು ವಾರಿಜಾ ಅವರ ತಂಗಿ ಹೇಳಿದ್ದಳು, ಅಷ್ಟೇ ಸಾಕಾಗಿತ್ತು. ಕೌಸಲ್ಯಾ ಅವನ ಹೆಂಡತಿ. ಅವಳು ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅವಳು ತಟ್ಟನೆ ತಿರುಗಿ ನೋಡುತ್ತಿದ್ದ ರೀತಿ, ನಗುವ ಮುಂಚೆ ತುಟಿ ಬಿಗಿಹಿಡಿಯುತ್ತಿದ್ದ ರೀತಿ ಅವನಿಗೆ ಒಂದೊಂದಾಗಿ ಮರೆತುಹೋಗುತ್ತಿದ್ದವು. ಆ ಭಯವನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಅವಳು ಅಲುಗಾಡುವುದನ್ನು ಇನ್ನೊಮ್ಮೆ ನೋಡಬೇಕಿತ್ತು.

"ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿಕೊಂಡ್ರೆ ಆಯ್ತಲ್ಲಯ್ಯ ಸತ್ಯ" ಎಂದರು ಮೇಲಿನ ಮಹಡಿಯ ವೆಂಕಟಸುಬ್ಬಯ್ಯ. ರೈಲ್ವೆಯಿಂದ ನಿವೃತ್ತರಾದ ಮೇಲೆ ಇಡೀ ಬಿಲ್ಡಿಂಗಿಗೆ ಸಲಹೆ ಕೊಡುವುದು ಅವರ ಪೂರ್ಣಾವಧಿ ಕೆಲಸವಾಗಿತ್ತು.

"ಅದಕ್ಕೂ ಬೂಷ್ಟು ಹಿಡಿಯುತ್ತೆ ಸಾರ್. ಕಂಪ್ಯೂಟರಿಗೆ ಹಿಡಿಯೋದಿಲ್ಲ" ಎಂದ ಸತ್ಯಮೂರ್ತಿ.

ಇದು ಹೆತ್ತವನ ಅಭಿಮಾನ. ಅವನು ಫೋರ್ಟ್ ಬಡಾವಣೆಯ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಪ್ರೋಗ್ರಾಮರ್. ಚಲಿಸುವ ಚಿತ್ರವನ್ನು ಕುಗ್ಗಿಸಿ ಡಿಸ್ಕಿನಲ್ಲಿಡುವ, ಬೇಕೆಂದಾಗ ಮತ್ತೆ ಬಿಚ್ಚಿ ತೋರಿಸುವ ಒಂದು ಪ್ರೋಗ್ರಾಮನ್ನು ಬಿಡುವಿನ ವೇಳೆಯಲ್ಲಿ ಬರೆದಿದ್ದ. ಕೇಳಿದವರಿಗೆಲ್ಲ ಅದನ್ನು ಫ್ಲಾಪಿಯಲ್ಲಿ ಹಾಕಿ ಪುಕ್ಕಟೆ ಕೊಡುತ್ತಿದ್ದ. ತಿದ್ದುವವರು ತಿದ್ದಬಹುದು, ತಿದ್ದಿದ್ದನ್ನು ತಂದುಕೊಡಬೇಕು, ಅಷ್ಟೇ ಕರಾರು. ಮುಂಬಯಿಯಲ್ಲಿ ತಿದ್ದುವವರಿಗೇನು ಬರವೇ? ದಾದರಿನವನೊಬ್ಬ ವೇಗ ಹೆಚ್ಚಿಸಿದ, ಮುಲುಂಡಿನವನೊಬ್ಬ ಬಣ್ಣ ಸರಿಮಾಡಿದ. ಜಾಗ ಉಳಿಸಲೆಂದೇ ಹುಟ್ಟಿದ ಪ್ರೋಗ್ರಾಮಿನ ಮೊದಲಿಗೆ ಯಾರೋ ಪುಣ್ಯಾತ್ಮರು ಅರ್ಧ ಫ್ಲಾಪಿ ತಿನ್ನುವ ಗಣಪತಿಯ ಚಿತ್ರ ಸೇರಿಸಿದರು. ಅದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಭಾನುವಾರ ಆಫೀಸು ಬಳಸಿಕೊಳ್ಳಲು ಸಾಹೇಬರ ಒಪ್ಪಿಗೆ ಸಿಕ್ಕಿತು. ಸತ್ಯಮೂರ್ತಿ ಒಬ್ಬನೇ ಹೋಗುವವನಿದ್ದ. ಆದರೆ ಕ್ಯಾಸೆಟ್ಟನ್ನು ವಾರಿಜಾ ಕೈಬಿಡಲಿಲ್ಲ. "ನನ್ನ ತಂಗಿಯದ್ದು ಮಾರಾಯ್ರೆ, ಏನಾದ್ರೂ ಆದ್ರೆ ಅವಳಿಗೆ ನಾನೇ ಉತ್ತರ ಕೊಡಬೇಕಲ್ವಾ" ಎಂದು ಹೊರಟರು. ಅವರ ಹಿಂದೆ ಕೊಡೆ ಹಿಡಿದು ವೆಂಕಟಸುಬ್ಬಯ್ಯನವರೂ ಹೊರಟರು.

ಆಫೀಸಿನಲ್ಲಿ ಸತ್ಯಮೂರ್ತಿ ಕ್ಯಾಸೆಟ್ಟಿನ ಮುಚ್ಚಳ ಎತ್ತಿದ್ದೇ ತಡ, ಒಳಗಿನಿಂದ ಅಕ್ಕಿ ಉದುರಿತು.

"ತೇವ ಎಳೀಲಿ ಅಂತ ರಾತ್ರಿಯೆಲ್ಲ ಅಕ್ಕಿ ಡಬ್ಬದಲ್ಲಿ ಹೂತಿಡಿಸಿದ್ದೆ" ಎಂದರು ವೆಂಕಟಸುಬ್ಬಯ್ಯ.

"ಇವರು ಹೇಳಿದ್ದಕ್ಕೇ ಇಟ್ಟದ್ದು ನಾನು" ಎಂದು ವಾರಿಜಾ ಪಕ್ಕಕ್ಕೆ ಸರಿದರು.

ಒಂದೊಂದೇ ಕಾಳನ್ನು ಹೇರ್‌ಪಿನ್ನಿನಿಂದ ಹೊರಗೆಳೆಯುವುದರಲ್ಲಿ ಒಂದು ಗಂಟೆ ಹೋಯಿತು. ಅಷ್ಟರಲ್ಲಿ ಗೋರೆಗಾಂವ್‌ನಿಂದ ಸಹೋದ್ಯೋಗಿ ಬಸವಂತರಾಯ ಮಳೆಯಲ್ಲಿ ತೊಯ್ದುಕೊಂಡು, ಫ್ಲಾಪಿಯನ್ನು ಮಾತ್ರ ನೆನೆಯದಂತೆ ಕಾಪಾಡಿಕೊಂಡು ಬಂದ.

"ಸರ, ಹೊಸಾದು ಮಾಡೀನ್ರಿ. ಮೊದಲಿನ ಚಿತ್ರದಾಗ ಇದ್ದದ್ದು ಮುಂದಿನದ್ರಾಗೂ ಹಂಗ ಇದ್ರ, ತಿರುಗಿ ಬರಿಯೂದಿಲ್ಲ. ಬದಲಾದಷ್ಟ ಬರೀತದ. ಜಾಗಾ ಭಾಳ ಉಳೀತದ್ರಿ."

ಡಿಸ್ಕಿನಲ್ಲಿದ್ದ ಜಾಗ ಎರಡು ನಿಮಿಷಕ್ಕೆ ಸಾಲುವಷ್ಟೇ. ಹಾಗಾಗಿ ಅದೇ ಹೊಸದನ್ನು ಹಾಕಿದರು. ಬಾಡಿಗೆಗೆ ತಂದ ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸಿ, ಟೇಪನ್ನು ಮುಹೂರ್ತದವರೆಗೆ ಸುತ್ತಿ ಓಡಿಸಿದರು. ಬರೆಯುವುದು, ತೋರಿಸುವುದು ಎರಡನ್ನೂ ಒಟ್ಟಿಗೆ ಮಾಡುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಪರದೆಯ ಮೇಲೆ ಬರೀ ಅಂಕಿಗಳು ಓಡಿದವು. ಸತ್ಯಮೂರ್ತಿ ಆ ಅಂಕಿಗಳನ್ನೇ ದೇವರಂತೆ ನೋಡುತ್ತಾ ಕುಳಿತ. ಎರಡು ನಿಮಿಷ ತುಂಬಿತು. ಮರುಕ್ಷಣವೇ ವಿಸಿಆರ್ ಕರಕರ ಎಂದು ನಿಂತಿತು. ಬಾಯಿ ತೆರೆದರೆ ಟೇಪು ತುಂಡುತುಂಡಾಗಿ ಶಾವಿಗೆಯಂತೆ ಹೊರಬಂತು.

ವಾರಿಜಾ ಅಯ್ಯೋ ಎಂದರು. ಸತ್ಯಮೂರ್ತಿ ಮಾತ್ರ ನಕ್ಕ. ಅವನಿಗೆ ಬೇಕಾದದ್ದು ಡಿಸ್ಕಿನೊಳಗೆ ಸೇರಿಯಾಗಿತ್ತು.

ಡಿಸ್ಕಿನಲ್ಲಿ ಬರೆದದ್ದನ್ನು ಪರದೆಯ ಮೇಲೆ ಬಿಚ್ಚಿದಾಗ ಮೊದಲು ಗಣಪತಿ ದರ್ಶನ ಕೊಟ್ಟು ಸರಿದ. ಮಂಟಪ ಬಂತು. ಪುರೋಹಿತರ ಕೈ ಆಡುತ್ತಿತ್ತು, ವಾರಿಜಾ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ವೆಂಕಟಸುಬ್ಬಯ್ಯ ಯಾರಿಗೋ ಸಲಹೆ ಕೊಡುತ್ತಿದ್ದರು. ಕಂಬದ ಪಕ್ಕ ಕೌಸಲ್ಯಾ ಕಾಣಿಸಿಕೊಂಡಳು. ಇಪ್ಪತ್ತೆರಡು ಸೆಕೆಂಡು ಎಲ್ಲರೂ ಅಲುಗಾಡಿದರು. ಅವಳು ಅಲುಗಾಡಲಿಲ್ಲ. ತಲೆ ತಿರುಗಲಿಲ್ಲ, ತುಟಿ ಕದಲಲಿಲ್ಲ, ರೆಪ್ಪೆ ಮುಚ್ಚಲಿಲ್ಲ.

"ಬಸವಂತರಾಯ, ನಿನ್ನ ಜಾಗ ಉಳಿಸೋ ಚಟಕ್ಕೆ ನನ್ನ ಹೆಂಡತೀನ ನುಂಗಿಬಿಟ್ಟೆಯಲ್ಲೋ!" ಎಂದು ಸತ್ಯಮೂರ್ತಿ ಕೂಗಿಬಿಟ್ಟ.

"ಬಸವಂತರಾಯರದ್ದೇನೂ ತಪ್ಪಿಲ್ಲ" ಎಂದರು ವಾರಿಜಾ ಮೆಲ್ಲಗೆ. "ಆಗ ವಿಡಿಯೋ ಅಂದ್ರೆ ಯಾರಿಗೆ ಗೊತ್ತಿತ್ತು? ಫೋಟೋ ಅಂತ ನಾವೆಲ್ಲ ಗೊಂಬೆಯ ಹಾಗೆ ನಿಂತದ್ದು. ಕ್ಯಾಮೆರಾದವನು 'ಹಿಲೋ, ಹಿಲೋ' ಅಂತ, ಅಲ್ಲಾಡಿ ಅಂತ ಬೈದ. ನಮಗೆ ಅರ್ಥ ಆಯ್ತು. ಕೌಸಲ್ಯಾ ಮೈಸೂರಿಂದ ಬಂದು ಆರು ತಿಂಗಳು ಸಹ ಆಗಿರಲಿಲ್ಲ, ಅವಳಿಗೆ ಹಿಂದಿ ಎಲ್ಲಿ ಬರ್ತಿತ್ತು?"

"ನಿಂತಿರಲಿ. ಕಣ್ಣಾದರೂ ಮಿಟುಕಿಸಿರಬೇಕಲ್ಲ? ಇಪ್ಪತ್ತೆರಡು ಸೆಕೆಂಡು ಯಾರಿಂದ ಆಗುತ್ತೆ?"

ಬಸವಂತರಾಯ ಪ್ರೋಗ್ರಾಮಿನ ಸಾಲುಗಳನ್ನು ತೆರೆದು ಬಗ್ಗಿ ನೋಡಿದ. "ಮಿಟಕಿಸಿರ್ತಾರ್ರಿ. ಇಲ್ಲೊಂದು ಸಾಲು ಅದರಿ. ಸಣ್ಣ ಚುಕ್ಕಿಯಷ್ಟ ಬದಲಾದ್ರ ಅದು ಬೂಷ್ಟು ಅಂತ ತಿಳದು ಬಿಟ್ಟಬಿಡು ಅಂತ ಬರದಾರ. ಕಣ್ಣು, ತುಟಿ ಎಲ್ಲಾ ಅದ್ರಾಗ ಹೋಗ್ಯಾವ."

"ಯಾವನು ಬರೆದದ್ದು ಅದನ್ನ?"

ತಿದ್ದಿದವರು ಸಾಲಿನ ಪಕ್ಕ ತಮ್ಮ ಹೆಸರು ಹಾಕುವುದು ರೂಢಿ. ಬಸವಂತರಾಯ ಕುರ್ಚಿ ಹಿಂದಕ್ಕೆ ಸರಿಸಿ ಜಾಗ ಬಿಟ್ಟ. ಹೆಸರು ಸತ್ಯಮೂರ್ತಿಯದು, ತಾರೀಖು ಹಿಂದಿನ ಗುರುವಾರದ್ದು, ಬಸವಂತರಾಯ ತಿದ್ದಲು ಪ್ರತಿ ಒಯ್ಯುವ ಮುಂಚಿನದು. ಹೆಂಡತಿಯ ಮುಖದ ಮೇಲೆ ಬಿಳಿ ಚುಕ್ಕೆ ಬೀಳಬಾರದೆಂದು ಅವನೇ ಕೂತು ಬರೆದಿದ್ದ.

"ಸರ, ತಗದುಬಿಡ್ಲೇನ್ರಿ ಈ ಸಾಲು?"

"ತೆಗೆದು? ಮತ್ತೆ ಓಡಿಸೋಕೆ ಟೇಪೆಲ್ಲಿದೆ? ಇರಲಿ ಬಿಡು. ಬೇರೆ ಯಾರಿಗಾದರೂ ಬೇಕಾಗುತ್ತೆ."

ಅಷ್ಟು ಹೇಳಿ ಸತ್ಯಮೂರ್ತಿ ಎಲ್ಲರೆದುರಿಗೇ ಅತ್ತ. ನಾಲ್ಕು ವರ್ಷದಲ್ಲಿ ಅವನು ಹಾಗೆ ಅತ್ತದ್ದು ಅದೇ ಮೊದಲು. ವೆಂಕಟಸುಬ್ಬಯ್ಯ ಬಗ್ಗಿ, ಉದುರಿದ್ದ ಅಕ್ಕಿ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದರು.

ಸಮಾಧಾನ ಹೇಳಲು ವಾರಿಜಾ ಪರದೆಯ ಹತ್ತಿರ ಬಂದು ನೋಡಿದರು. "ಆದ್ರೂ ಎಷ್ಟು ಚಂದ ಬಂದಿದೆ ನೋಡಿ. ಮುಖದ ಮೇಲೆ ಒಂದು ಚುಕ್ಕೆ ಇಲ್ಲ."

ಸತ್ಯಮೂರ್ತಿ ಕಣ್ಣೊರೆಸಿಕೊಂಡು ನೋಡಿದ. ಮನೆಯಲ್ಲಿ ಹಾರ ಹಾಕಿಟ್ಟಿದ್ದ ಫೋಟೋ ಇದಕ್ಕಿಂತ ಸ್ಪಷ್ಟವಾಗಿತ್ತು.