ಮಂಡಳಿಯ ಒಟ್ಟು ತೂಕ

ಬರುವಾಗ ಸದ್ದಿಲ್ಲದೆ ಬಂದು, ಆಮೇಲೆ ಹೋಗು ಎಂದರೂ ಹೋಗದ ಸಂಗತಿಗಳು ಪ್ರಪಂಚದಲ್ಲಿ ಎರಡು. ಒಂದು ನೆಂಟರು, ಇನ್ನೊಂದು ಹೊಟ್ಟೆ. ನೆಂಟರಿಗಾದರೂ ಒಂದು ದಿನ ರಜೆ ಮುಗಿಯುತ್ತದೆ. ಮುಗಿಯದಿದ್ದರೆ ಸಾರಿಗೆ ನೀರು ಹೆಚ್ಚು ಹೊಯ್ದರಾಯಿತು, ಸೂಕ್ಷ್ಮ ತಿಳಿದು ಪೆಟ್ಟಿಗೆ ಕಟ್ಟುತ್ತಾರೆ. ಹೊಟ್ಟೆಗೆ ಸೂಕ್ಷ್ಮ ತಿಳಿಯುವುದಿಲ್ಲ. ಉಡುಪಿ ಕಡೆಯಿಂದ ಬರೋಡಕ್ಕೆ ಬಂದಿಳಿದಾಗ ನಾನು ಎಷ್ಟು ಸಪೂರ ಇದ್ದೆನೆಂದರೆ, ನನ್ನ ಅಂಗಿಯೊಳಗೆ ನಾನೊಬ್ಬನೇ ಇದ್ದೇನೆಯೇ ಅಥವಾ ಇನ್ನೊಬ್ಬರಿಗೆ ಬಾಡಿಗೆಗೆ ಕೊಡಲು ಜಾಗ ಇದೆಯೇ ಎಂದು ಜನ ಕೇಳುತ್ತಿದ್ದರು. ಅಲ್ಕಾಪುರಿಯಲ್ಲಿ, ರೈಲು ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ಹೋಟೆಲು ತೆರೆದೆ. ಗುಜರಾತ್ ಎಂಬ ರಾಜ್ಯ ಆಗಷ್ಟೇ ಹುಟ್ಟಿತ್ತು. ರಾಜ್ಯವೂ ನಾನೂ ಒಟ್ಟೊಟ್ಟಿಗೆ ಬೆಳೆದೆವು. ರಾಜ್ಯದ ಗಡಿ ಮಾತ್ರ ಒಂದು ಕಡೆ ನಿಂತಿತು. ಹೋಟೆಲಿನವನಿಗೆ ಹೊಟ್ಟೆಯೇ ಬೋರ್ಡು ಎಂದು ಮೊದಮೊದಲು ನಾನೇ ಹೆಮ್ಮೆಯಿಂದ ಹೇಳುತ್ತಿದ್ದೆ. ಮಾಲೀಕನೇ ಒಣಗಿಕೊಂಡಿರುವ ಹೋಟೆಲಿನಲ್ಲಿ ದೋಸೆ ತಿನ್ನಲು ಯಾರಿಗೆ ಧೈರ್ಯ ಬರುತ್ತದೆ? ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂತು ಬೆಳಗಿನ ಸಾಂಬಾರಿನಲ್ಲಿ ಬೆಲ್ಲ ಸಾಕೇ ಎಂದು ನೋಡುವುದು, ಚಟ್ನಿಯಲ್ಲಿ ಖಾರ ಜಾಸ್ತಿಯೇ ಎಂದು ನೋಡುವುದು, ನೋಡಿದ್ದು ಸರಿಯೇ ಎಂದು ಇನ್ನೊಮ್ಮೆ ನೋಡುವುದು, ಇವೆಲ್ಲ ನನ್ನ ಉದ್ಯೋಗದ ಭಾಗವಾಗಿದ್ದವು.

ಆದರೆ ಒಂದು ದಿನ ನಿಲ್ದಾಣದ ಮೇಲ್ಸೇತುವೆ ಹತ್ತುವಾಗ ಅರ್ಧದಲ್ಲಿ ನಿಂತುಬಿಟ್ಟೆ. ಎದೆಯೊಳಗೆ ಯಾರೋ ಒರಳು ತಿರುಗಿಸುತ್ತಿದ್ದರು. ಕೆಳಗೆ ನನ್ನ ರೈಲು ನನ್ನನ್ನು ಬಿಟ್ಟು ಹೊರಟಿತು. ಡಾಕ್ಟರರ ಬಳಿ ಹೋದರೆ ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು, ಆಮೇಲೆ ತೂಗಿ, ಸಂಖ್ಯೆ ಹೇಳಿ ತಲೆ ಅಲ್ಲಾಡಿಸಿದರು. "ನಿಮ್ಮ ಹೃದಯ ಒಬ್ಬರಿಗೆಂದು ಮಾಡಿದ್ದು, ಅದರ ಹತ್ತಿರ ನೀವು ಇಬ್ಬರ ಕೆಲಸ ಮಾಡಿಸುತ್ತಿದ್ದೀರಿ. ತೂಕ ಇಳಿಸದಿದ್ದರೆ ಅದು ಒಂದು ದಿನ ಹೇಳದೆ ಕೆಲಸ ಬಿಡುತ್ತದೆ" ಎಂದರು. ಹೇಳದೆ ಕೆಲಸ ಬಿಡುವ ಅಡುಗೆಭಟ್ಟರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆದ್ದರಿಂದ ಆ ಮಾತು ನೇರ ಒಳಗೆ ಹೋಯಿತು. ನನ್ನ ಅಪ್ಪ ಹೋದದ್ದೂ ಹಾಗೆಯೇ, ಊರಿನ ಹೋಟೆಲಿನ ಗಲ್ಲೆಯ ಮೇಲೆ ಕೂತಲ್ಲೇ, ನನ್ನ ಈಗಿನ ವಯಸ್ಸಿನಲ್ಲಿ. ನನಗೆ ಹೆದರಿಕೆಯಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಸಾಯಲು ಹೆದರಿಕೆಯಾಯಿತು. ಬರೋಡದಲ್ಲೇ ಹುಟ್ಟಿ ಬೆಳೆದ ಮಗಳು ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, "ಅಪ್ಪಾ, ನೀವು ಬಹು ಜಾಡಾ ಆಗಿದ್ದೀರಿ, ನಂಗೆ ಬೀಕ್ ಲಾಗ್ತದೆ" ಎಂದಳು. ನೀವು ತುಂಬ ದಪ್ಪಗಾಗಿದ್ದೀರಿ, ನನಗೆ ಭಯವಾಗುತ್ತದೆ ಎಂದು ಅದರ ಅರ್ಥ. ಹೆಂಡತಿ ಕಮಲ ಅಂದು ನನ್ನ ಬಟ್ಟಲಿಗೆ ತುಪ್ಪ ಹಾಕಲಿಲ್ಲ, ಅಷ್ಟೆ.

ಆ ಹೊತ್ತಿಗೆ ನನ್ನ ಪಾಲಿಗೆ ಬಂದವರು ಶಿರ್ಕೆ ಮಾಸ್ತರರು. ಬರೋಡದಲ್ಲಿ ಗಲ್ಲಿಗೊಂದು ವ್ಯಾಯಾಮಶಾಲೆ. ಅಂಥದೊಂದರಲ್ಲಿ ಮಲ್ಲಕಂಬ, ಕುಸ್ತಿ ಕಲಿಸಿ ನಿವೃತ್ತರಾದ ಮರಾಠಿ ಮನುಷ್ಯ ಅವರು. ದೇಹದಲ್ಲಿ ನರ ಮತ್ತು ಮೀಸೆ ಬಿಟ್ಟರೆ ಮೂರನೆಯ ವಸ್ತು ಇರಲಿಲ್ಲ. ಅಲ್ಕಾಪುರಿಯ ದಪ್ಪ ಗೃಹಸ್ಥರನ್ನೆಲ್ಲ ಸೇರಿಸಿ ಅವರು ಒಂದು ಮಂಡಳಿ ಕಟ್ಟಿದರು. ಬೆಳಿಗ್ಗೆ ಮೈದಾನದಲ್ಲಿ ಸಾಮೂಹಿಕ ವ್ಯಾಯಾಮ, ಆಮೇಲೆ ಆಹಾರದ ಬಗ್ಗೆ ಉಪದೇಶ. "ಒಬ್ಬನೇ ಇಳಿಸಿದ ತೂಕ ಒಬ್ಬನನ್ನೇ ಹುಡುಕಿಕೊಂಡು ವಾಪಸು ಬರುತ್ತದೆ. ಹತ್ತು ಜನ ಸೇರಿ ಇಳಿಸಿದರೆ ಅದಕ್ಕೆ ಯಾರ ಬಳಿ ಹೋಗಬೇಕೆಂದು ತಿಳಿಯುವುದಿಲ್ಲ" ಎಂಬುದು ಅವರ ಸಿದ್ಧಾಂತ. ಇದನ್ನು ಅವರು ಹಿಂದಿಯಲ್ಲಿ ಎಷ್ಟು ಗಂಭೀರವಾಗಿ ಹೇಳಿದರೆಂದರೆ ನಾನು ಅಲ್ಲೇ ಸೇರಿಕೊಂಡೆ. ಮೊದಲ ದಿನ ನಮಗೆಲ್ಲ ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟಲು ಹೇಳಿದರು. ನಾನು ನನ್ನ ಹೆಬ್ಬೆರಳನ್ನು ಕಣ್ಣಿನಿಂದ ನೋಡಿಯೇ ವರ್ಷಗಳಾಗಿದ್ದವು, ಮುಟ್ಟುವ ಮಾತು ಎಲ್ಲಿ ಬಂತು? ಪಕ್ಕದಲ್ಲಿದ್ದ ಹತ್ತಿ ವ್ಯಾಪಾರಿ ರಸಿಕ್‌ಭಾಯಿ ಬಗ್ಗಿದವರು ಹಾಗೆಯೇ ಮುಂದಕ್ಕೆ ಉರುಳಿ, ಎದ್ದು, ಇದೂ ವ್ಯಾಯಾಮದ ಭಾಗವೇ ಎಂಬಂತೆ ಕೈ ಒರೆಸಿಕೊಂಡರು. ಆ ಕ್ಷಣದಿಂದ ನಾವಿಬ್ಬರೂ ಸ್ನೇಹಿತರು.

ತೊಂದರೆ ಶುರುವಾದದ್ದು ವ್ಯಾಯಾಮ ಮುಗಿದ ಮೇಲೆ. ದಪ್ಪ ಜನ ಬೆವರಿದರೆ ಹಸಿಯುತ್ತಾರೆ. ಹಸಿದವರ ಕಣ್ಣಿಗೆ ಮೈದಾನದ ಆಚೆ ಕಾಣುವುದು ನನ್ನ ಹೋಟೆಲು. ಕರಿದದ್ದು ಕೂಡದು ಎಂದು ಮಾಸ್ತರರ ಕಟ್ಟಪ್ಪಣೆಯಿತ್ತು. ಆದರೆ ಇಡ್ಲಿ ಆವಿಯಲ್ಲಿ ಬೆಂದದ್ದು, ಆವಿಯೆಂದರೆ ಗಾಳಿ, ಗಾಳಿಯಿಂದ ಯಾರೂ ದಪ್ಪಗಾಗುವುದಿಲ್ಲ ಎಂದು ರಸಿಕ್‌ಭಾಯಿ ವಾದಿಸಿದರು. ಮಾಸ್ತರರು ಮರಾಠಿಯವರು, ಇಡ್ಲಿಯ ವಿಷಯದಲ್ಲಿ ನನ್ನ ಮುಖ ನೋಡಿದರು. ನಾನು ಹೋಟೆಲಿನವನು, ಏನೆಂದು ಹೇಳಲಿ? ಇಡ್ಲಿಗೆ ಅನುಮತಿ ಸಿಕ್ಕಿತು. ಇಡ್ಲಿ ಗಂಟಲಲ್ಲಿ ಇಳಿಯಲು ತುಪ್ಪ ಬಂತು. ಅವರು ತಿನ್ನುವಾಗ ನಾನು ಸುಮ್ಮನೆ ಕೂರಬಹುದಿತ್ತು, ಆದರೆ ಗುಜರಾತಿಗಳ ನಡುವೆ ಬಾಯಿ ಮುಚ್ಚಿ ಕೂರುವುದು ಸಾಧ್ಯವಿಲ್ಲ. ರಸಿಕ್‌ಭಾಯಿ ಚೂರು ಮುರಿದು, ತುಪ್ಪದಲ್ಲಿ ಅದ್ದಿ, "ಅಣ್ಣಾ, ಮಾರಾ ಸಮ್!" ಎಂದು ನನ್ನ ಬಾಯಿಯ ಬಳಿ ಹಿಡಿಯುತ್ತಿದ್ದರು. ದಕ್ಷಿಣದ ಹೋಟೆಲಿನವರೆಲ್ಲ ಅವರಿಗೆ ಅಣ್ಣ, ಉಳಿದದ್ದಕ್ಕೆ ನನ್ನಾಣೆ ಎಂದರ್ಥ. ತಿನ್ನದಿದ್ದರೆ ಆಣೆ ಇಟ್ಟವನಿಗೆ ಕೇಡು. ಒಬ್ಬರ ಪ್ರಾಣ ಉಳಿಸಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಹೀಗೆ ಪ್ರತಿ ಬೆಳಿಗ್ಗೆ ನಾನು ಇಡೀ ಮಂಡಳಿಯ ಪ್ರಾಣ ಉಳಿಸಿ, ನನ್ನದನ್ನು ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತಿದ್ದೆ.

ಏಕಾದಶಿಯ ಕಥೆ ಇದಕ್ಕಿಂತ ಘೋರ. ಎಲ್ಲರೂ ಏಕಾದಶಿಗೆ ಉಪವಾಸ ಮಾಡಬೇಕೆಂದು ಮಾಸ್ತರರು ಆಜ್ಞೆ ಮಾಡಿದರು. ನಮ್ಮ ಕಡೆ ಏಕಾದಶಿಯೆಂದರೆ ತೊಟ್ಟು ನೀರೂ ಇಲ್ಲ. ಮರುದಿನ ದ್ವಾದಶಿಗೆ ಬೆಳ್ಳಂಬೆಳಿಗ್ಗೆ ಎದ್ದು ಪಾಯಸದ ಸಮೇತ ಪಾರಣೆ. ಗುಜರಾತಿಗಳ ಏಕಾದಶಿಯೇ ಬೇರೆ. ಅನ್ನ, ಗೋಧಿ ಮುಟ್ಟುವುದಿಲ್ಲ, ನಿಜ. ಅದರ ಬದಲು ಸಾಬಕ್ಕಿ ಖಿಚಡಿ, ಬಟಾಟೆ ಪಲ್ಯ, ಕರಿದ ಶೇಂಗಾ, ರಾಜಗಿರಾ ಪೂರಿ, ಗೆಣಸಿನ ಹಲ್ವ, ಕೊನೆಗೆ ಶ್ರೀಖಂಡ. ಮರುದಿನ ಪಾಪ, ಅವರು ಎಂದಿನ ಊಟಕ್ಕೆ ಮರಳುತ್ತಾರೆ. ನಾನು ಮಾಡಿದ್ದೇನು? ಮಂಡಳಿಯ ಐಕ್ಯಕ್ಕಾಗಿ ಏಕಾದಶಿಯನ್ನು ರಸಿಕ್‌ಭಾಯಿಯ ಮನೆಯಲ್ಲಿ ಅವರ ಪದ್ಧತಿಯಂತೆ ಆಚರಿಸಿದೆ. ಕುಲಾಚಾರ ಬಿಡಬಾರದೆಂದು ದ್ವಾದಶಿಯನ್ನು ನಮ್ಮ ಮನೆಯಲ್ಲಿ ನಮ್ಮ ಪದ್ಧತಿಯಂತೆ ಆಚರಿಸಿದೆ. ಕಮಲ ಪಾಯಸ ಬಡಿಸುತ್ತಾ, "ಅಲ್ಲ ಮಾರಾಯ್ರೆ, ನಿನ್ನೆ ಅಷ್ಟು ತಿಂದು ಬಂದವರಿಗೆ ಇವತ್ತು ಎಂತ ಪಾರಣೆ?" ಎಂದು ಕೇಳಿದಳು. ಧರ್ಮಸೂಕ್ಷ್ಮ ಹೆಂಗಸರಿಗೆ ತಿಳಿಯುವುದಿಲ್ಲ ಎಂದು ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಇನ್ನು ತೂಕ ನೋಡುವ ವಿಧಾನ. ಮೊದಲು ಒಬ್ಬೊಬ್ಬರನ್ನೇ ತೂಗಿ ಮಾಸ್ತರರು ಗಟ್ಟಿಯಾಗಿ ಕೂಗುತ್ತಿದ್ದರು. ಸರ್ಕಾರ ಮಣ, ಸೇರುಗಳನ್ನು ತೆಗೆದು ಕಿಲೋ ತಂದು ವರ್ಷಗಳಾಗಿದ್ದರೂ ಜನ ತಮ್ಮ ತೂಕವನ್ನು ಮಣದಲ್ಲೇ ಹೇಳಿಕೊಳ್ಳುತ್ತಿದ್ದರು. ಮಣದಲ್ಲಿ ಸಣ್ಣ ಸಂಖ್ಯೆಯಾಗಿ ಮರ್ಯಾದೆಯಿಂದ ಬದುಕಿದ್ದವರು ಕಿಲೋದಲ್ಲಿ ಇದ್ದಕ್ಕಿದ್ದಂತೆ ಮೂರಂಕಿಯವರಾಗಿ ಕಣ್ಣೀರು ಹಾಕಿದರು. ಕೆಲವರು ಬರುವುದನ್ನೇ ನಿಲ್ಲಿಸುವ ಲಕ್ಷಣ ಕಂಡಾಗ ಮಾಸ್ತರರು ಹೊಸ ಉಪಾಯ ತೆಗೆದರು. ಇನ್ನು ಮುಂದೆ ಯಾರ ತೂಕವನ್ನೂ ಬೇರೆಯಾಗಿ ನೋಡುವುದಿಲ್ಲ, ಮಂಡಳಿಯ ಒಟ್ಟು ತೂಕ ಮಾತ್ರ. ರಸಿಕ್‌ಭಾಯಿಯ ಗೋದಾಮಿನಲ್ಲಿ ಹತ್ತಿ ತುಂಬಿದ ಎತ್ತಿನ ಗಾಡಿಯನ್ನು ಹಾಗೆಯೇ ನಿಲ್ಲಿಸಿ ತೂಗುವ ದೊಡ್ಡ ಕಾಟಾ ಇತ್ತು. ಪ್ರತಿ ಭಾನುವಾರ ನಾವೆಲ್ಲ "ಜೈ ಬಜರಂಗ್" ಎಂದು ಕೂಗಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದೆವು. ಪಕ್ಕದಲ್ಲಿ ತಮ್ಮ ಸರದಿಗಾಗಿ ಕಾಯುತ್ತಿದ್ದ ಎತ್ತುಗಳು ನಮ್ಮನ್ನು ನೋಡುತ್ತಿದ್ದ ರೀತಿ ನನಗೆ ಈಗಲೂ ನೆನಪಿದೆ. ಅವುಗಳ ಕಣ್ಣಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ನಮ್ಮನ್ನು ಎಳೆಯುವವರು ಯಾರು ಎಂಬ ಕನಿಕರ ಇತ್ತು.

ಒಟ್ಟು ತೂಕ ಎಂದ ಮೇಲೆ ಏನಾಗಬೇಕೋ ಅದೇ ಆಯಿತು. ರಾಜ ಊರಿನವರಿಗೆಲ್ಲ ಕೊಳಕ್ಕೆ ಒಂದೊಂದು ಚೊಂಬು ಹಾಲು ಹೊಯ್ಯಲು ಹೇಳಿದಾಗ, ಇಷ್ಟು ಹಾಲಿನಲ್ಲಿ ನನ್ನ ಒಂದು ಚೊಂಬು ನೀರು ಯಾರಿಗೆ ತಿಳಿಯುತ್ತದೆ ಎಂದು ಎಲ್ಲರೂ ನೀರನ್ನೇ ಹೊಯ್ದರಂತೆ. ನಾವೂ ಅಷ್ಟೆ. ರಸಿಕ್‌ಭಾಯಿ ಇಳಿಸುತ್ತಾರೆಂದು ನಾನು ಜಿಲೇಬಿ ತಿಂದೆ, ಅಣ್ಣ ಇಳಿಸುತ್ತಾನೆಂದು ರಸಿಕ್‌ಭಾಯಿ ತಿಂದರು, ನಾವಿಬ್ಬರೂ ಇಳಿಸುತ್ತೇವೆಂದು ಉಳಿದವರು ತಿಂದರು. ಮುಳ್ಳು ಇದ್ದಲ್ಲೇ ಇತ್ತು, ಹಬ್ಬದ ವಾರ ಇನ್ನೂ ಸ್ವಲ್ಪ ಮುಂದೆ ಹೋಗುತ್ತಿತ್ತು. ಮಾಸ್ತರರು ಮೀಸೆ ಕಡಿಯುತ್ತಿದ್ದರು. ಪಾಪ, ಕುಸ್ತಿಯ ಪೈಲ್ವಾನರನ್ನು ತಯಾರು ಮಾಡಿದ ಮನುಷ್ಯ, ನಮ್ಮ ಮುಂದೆ ಸೋತುಹೋಗಿದ್ದರು.

ಅಷ್ಟರಲ್ಲಿ ಸೂರತ್‌ನಿಂದ ಭಾವನ ಕಾಗದ ಬಂತು. ಆ ಊರಿನ ಕತಾರ್‌ಗಾಮ್‌ನಲ್ಲಿ ಅವರು ಹೊಸ ಹೋಟೆಲು ತೆರೆಯುತ್ತಿದ್ದರು, ಒಲೆ ಹಚ್ಚಲು ನಾನೇ ಬರಬೇಕಂತೆ. ಊಟ ಮಾಡಿದರೆ ಸೂರತ್‌ನಲ್ಲಿ ಮಾಡಬೇಕು, ಸತ್ತರೆ ಕಾಶಿಯಲ್ಲಿ ಸಾಯಬೇಕು ಎಂದು ಗುಜರಾತಿಗಳ ಗಾದೆ. ನಾನು ಎರಡನ್ನೂ ಸೂರತ್‌ನಲ್ಲೇ ಮುಗಿಸುವುದರಲ್ಲಿದ್ದೆ. ತುಪ್ಪದಲ್ಲಿ ಮುಳುಗಿಸಿದ ಘಾರಿ ಎಂಬ ಸಿಹಿಯನ್ನು ಭಾವ ಒತ್ತಾಯ ಮಾಡಿ ತಿನ್ನಿಸಿದರು. ಆಮೇಲೆ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಯೊಂದನ್ನು ತೋರಿಸುತ್ತೇನೆಂದು ಮಹಡಿ ಹತ್ತಿಸಿದರು. ಮೆಟ್ಟಿಲ ತುದಿಗೆ ತಲುಪುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ನಾನು ಅಲ್ಲೇ ಗೋಡೆ ಹಿಡಿದು ಕುಸಿದು ಕೂತೆ. ಒಳಗೆ ಕೆಲಸ ಮಾಡುತ್ತಿದ್ದವರು ಚಕ್ರ ನಿಲ್ಲಿಸಿ ಓಡಿಬಂದು ನೀರು ಚಿಮುಕಿಸಿದರು. ಭಾವ ನನ್ನ ಕೈ ಹಿಡಿದುಕೊಂಡು, "ನಿಮ್ಮ ಅಪ್ಪಯ್ಯನ ಹಾಗೆಯೇ ಕಂಡಿರಿ ಮಾರಾಯ್ರೆ ನೀವು, ನನ್ನ ಜೀವವೇ ಹೋಯ್ತು" ಎಂದರು. ಆ ಮಾತು ಕೇಳಿದ ಮೇಲೆ ನಾನು ಘಾರಿ ಮುಟ್ಟಲಿಲ್ಲ. ಬರೋಡಕ್ಕೆ ಹಿಂತಿರುಗುವ ರೈಲಿನಲ್ಲಿ ಕಿಟಕಿಗೆ ಒರಗಿ, ಇನ್ನು ಹುಡುಗಾಟ ಸಾಕು, ಇಡ್ಲಿ ಇಲ್ಲ, ಆಣೆ ಪ್ರಮಾಣ ಇಲ್ಲ, ಮಾಸ್ತರರ ಕಾಲು ಹಿಡಿದಾದರೂ ಬದುಕಬೇಕು ಎಂದು ನಿಶ್ಚಯಿಸಿದೆ. ಜೀವಮಾನದಲ್ಲಿ ನಾನು ಅಷ್ಟು ಪ್ರಾಮಾಣಿಕವಾಗಿ ನಿಶ್ಚಯ ಮಾಡಿದ್ದು ಅದೊಂದೇ ಸಲ.

ನಿಲ್ದಾಣದಿಂದ ನೇರ ಹೋಟೆಲಿಗೆ ಬಂದರೆ ಒಳಗೆ ಜಾತ್ರೆ. ಅಂದು ಭಾನುವಾರ. ಮಂಡಳಿಯವರೆಲ್ಲ ಮೇಜುಗಳನ್ನು ಜೋಡಿಸಿಕೊಂಡು ಕೂತಿದ್ದಾರೆ, ಮಾಸ್ತರರ ಕೊರಳಲ್ಲಿ ಚೆಂಡುಹೂವಿನ ಹಾರ. ರಸಿಕ್‌ಭಾಯಿ ನನ್ನನ್ನು ಅಪ್ಪಿಕೊಂಡು, "ಅಣ್ಣಾ, ಇಳಿಯಿತು! ಒಂದೇ ಸಲಕ್ಕೆ ಇಳಿಯಿತು! ಮುಳ್ಳು ಇಷ್ಟು ಹಿಂದೆ ಬಂತು!" ಎಂದು ಎರಡೂ ಕೈ ಅಗಲಿಸಿ ತೋರಿಸಿದರು. ನನಗೆ ಕಣ್ಣು ತುಂಬಿ ಬಂತು. ದೇವರು ದೊಡ್ಡವನು, ಇವರಿಗೆ ಸಾಧ್ಯವಾದದ್ದು ನನಗೂ ಸಾಧ್ಯ ಎಂದುಕೊಂಡೆ. ಎಲ್ಲರಿಗೂ ಮಸಾಲೆ ದೋಸೆ ತರಲು ಹೇಳಿದೆ. ಎಷ್ಟು ಇಳಿಯಿತು ಎಂದು ಕೇಳಿದೆ. ಹೇಳಿದರು. ಆ ಸಂಖ್ಯೆಯನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ಡಾಕ್ಟರರು ತಲೆ ಅಲ್ಲಾಡಿಸುತ್ತಾ ನನ್ನ ತೂಕವೆಂದು ಹೇಳಿದ ಸಂಖ್ಯೆ ಅದು. ನಾನು ಊರಲ್ಲಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಇಲ್ಲದಿರುವುದಕ್ಕೂ ಕಾಟಾದ ಮುಳ್ಳಿಗೂ ಸಂಬಂಧವಿದೆ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಗಾಡಿಯಲ್ಲಿ ಒಂದು ಹಿಡಿ ಹತ್ತಿ ಕಡಿಮೆಯಾದರೂ ಮೂಗಿನಿಂದಲೇ ಕಂಡುಹಿಡಿಯುವ ರಸಿಕ್‌ಭಾಯಿಗೂ ಹೊಳೆದಿರಲಿಲ್ಲ. ಸಂತೋಷದಲ್ಲಿ ಇರುವವನಿಗೆ ಬೇಡದ ಲೆಕ್ಕ ಹೊಳೆಯುವುದೇ ಇಲ್ಲ.

ಮಾಸ್ತರರನ್ನು ಅಡುಗೆಮನೆಯ ಹಿಂದೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ. ಅವರು ಹಾರವನ್ನು ನಿಧಾನವಾಗಿ ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಳಗೆ ಮಂಡಳಿಯವರು ನಗುವ ಸದ್ದು ಕೇಳುತ್ತಿತ್ತು. "ಅಣ್ಣಾ, ಇವರು ನಗುವುದನ್ನು ನಾನು ಮೊದಲ ಸಲ ಕೇಳುತ್ತಿದ್ದೇನೆ" ಎಂದರು. ಆಮೇಲೆ, "ತೂಕ ಇಳಿಸುವುದು ದೊಡ್ಡದಲ್ಲ. ಇಳಿದದ್ದು ಮತ್ತೆ ಏರದಂತೆ ಉಳಿಸಿಕೊಳ್ಳುವುದು ದೊಡ್ಡದು. ಅದು ಈಗ ನಿಮ್ಮ ಕೈಯಲ್ಲಿದೆ" ಎಂದರು. ಕಾಟಾ ಹತ್ತುವುದಿಲ್ಲ, ಮೈದಾನಕ್ಕಾದರೂ ಬರುತ್ತೇನೆ, ನನಗೆ ಬದುಕಬೇಕು ಮಾಸ್ತರೇ ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಮೈದಾನಕ್ಕೆ ಬಂದರೆ ಭಾನುವಾರ ಕಾಟಾಕ್ಕೆ ಹತ್ತಿಸದೆ ಬಿಡುತ್ತಾರೆಯೇ? ಸ್ವಲ್ಪ ದಿನ ಹೋಗಲಿ" ಎಂದು ಹಾರವನ್ನು ಮತ್ತೆ ಹಾಕಿಕೊಂಡು ಒಳಗೆ ಹೋದರು.

ಒಬ್ಬನೇ ಪ್ರಯತ್ನಿಸಿ ನೋಡಿದೆ. ಮುಂಜಾನೆ ಬೇರೆ ಮೈದಾನಕ್ಕೆ ಹೋಗಿ ಕೈಕಾಲು ಬೀಸಿದೆ. ಹತ್ತು ಜನ ಸೇರಿ ಮಾಡಿದರೆ ಅದು ವ್ಯಾಯಾಮ, ದಪ್ಪ ಮನುಷ್ಯ ಒಬ್ಬನೇ ಮಾಡಿದರೆ ನೋಡುವವರಿಗೆ ಅವನ ಮನೆಯವರು ಎಲ್ಲಿದ್ದಾರೆ ಎಂಬ ಚಿಂತೆ. ಎರಡು ನಾಯಿ, ಒಬ್ಬ ಪೊಲೀಸಿನವನು ನನ್ನನ್ನು ಮನೆಯವರೆಗೆ ಬಿಟ್ಟುಹೋದರು. ಮಂಡಳಿ ಮಾತ್ರ ಉತ್ಸಾಹದಲ್ಲಿತ್ತು. ಇಳಿದ ತೂಕ ವಾರದಿಂದ ವಾರಕ್ಕೆ ಹಾಗೆಯೇ ಉಳಿಯಿತು. ಸಾಮೂಹಿಕ ವ್ಯಾಯಾಮದ ಮಹಿಮೆ ಊರೆಲ್ಲ ಹರಡಿತು, ಹೊಸಬರು ಸೇರಲು ಸಾಲುಗಟ್ಟಿ ನಿಂತರು, ಆದರೆ ಕಾಟಾದ ಮುಳ್ಳಿಗೆ ಹೆದರಿ ಮಾಸ್ತರರು ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಪ್ರತಿ ಭಾನುವಾರ ತೂಗಿಸಿಕೊಂಡು ನೇರ ನನ್ನ ಹೋಟೆಲಿಗೇ ಬಂದು ವಿಜಯೋತ್ಸವ ಮಾಡುತ್ತಿದ್ದರು. ನಾನು ಗಲ್ಲೆಯ ಮೇಲೆ ಕೂತು, ಎದೆ ನೀವಿಕೊಳ್ಳುತ್ತಾ, ಶಹಬ್ಬಾಸ್ ಎನ್ನುತ್ತಿದ್ದೆ.

ಹಾಗೊಂದು ಭಾನುವಾರ ಬೆಳಿಗ್ಗೆ ಕಮಲ ಹೊರಗೆ ಬಂದು ನೋಡಿದಳು. ನಾನು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದೆ. "ಎಂತ ಮಾರಾಯ್ರೆ, ಇವತ್ತೂ ತೂಗ್ಲಿಕ್ಕೆ ಹೋಗುದಿಲ್ವಾ ನೀವು? ಡಾಕ್ಟರು ಅಷ್ಟು ಹೇಳಿದ್ದಾರೆ, ನಿಮಗೆ ನಮ್ಮ ಮೇಲೆ ಸ್ವಲ್ಪವಾದ್ರೂ ಮನಸ್ಸು ಉಂಟಾ?" ಎಂದಳು.

"ಉಂಟು ಮಾರಾಯ್ತಿ" ಎಂದೆ. "ಆದರೆ ಎಂತ ಮಾಡುದು, ನಾನು ಹೋದ್ರೆ ಅವರೆಲ್ಲ ದಪ್ಪ ಆಗ್ತಾರೆ."