ಥರ್ಮಾಸಿನಲ್ಲಿ ಬಂದ ರೋಗ

ಮಲ್ಲಾರಿ ಬಸ್ಸಿನಲ್ಲಿ ಒಂದು ನಿಜ ಹೇಳಿಬಿಟ್ಟ. ಆ ದಿನದ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಗಡಹಿಂಗ್ಲಜ ಸ್ಟ್ಯಾಂಡಿನಿಂದ ಹೊರಟ ಎಸ್‌ಟಿಯಲ್ಲಿ, ತೊಡೆಯ ಮೇಲೆ ಥರ್ಮಾಸು ಇಟ್ಟುಕೊಂಡು, ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದ. ಪಕ್ಕದಲ್ಲಿದ್ದ ಮುದುಕನಿಗೆ ಆಸೆಯಾಯಿತು.

"ಚಹಾ ಐತೇನೋ ತಮ್ಮಾ? ಒಂದ ಗುಟುಕು ಹಾಕು."

"ಚಹಾ ಅಲ್ರಿ ಅಜ್ಜಾ, ವೈರಸ್ ಐತಿ."

"ಏನಂದಿ?"

"ವೈರಸ್ ರೀ. ಜೀವಂತ ಐತಿ. ಸಾಯಬಾರದಂತ ಬರ್ಫದಾಗ ಇಟ್ಟೇನಿ."

ಮುದುಕ ತನ್ನ ಚೀಲ ಎತ್ತಿಕೊಂಡು ಡ್ರೈವರನ ಹಿಂದೆ ಹೋಗಿ ನಿಂತ. ಹಿಂದಿನ ಸೀಟು ಖಾಲಿಯಾಯಿತು, ಮುಂದಿನದೂ ಆಯಿತು. ಕಂಡಕ್ಟರ್ ಚಿಲ್ಲರೆಯನ್ನು ದೂರದಿಂದಲೇ ಸೀಟಿನ ಮೇಲೆ ಎಸೆದ. ಮಲ್ಲಾರಿಗೆ ಸಿಟ್ಟು ಬಂತು. ಸುಳ್ಳು ಹೇಳಿದ್ದರೆ ಪಕ್ಕದಲ್ಲಿ ಕೂತಿರುತ್ತಿದ್ದರು, ಖರೆ ಹೇಳಿದರೆ ಎದ್ದು ಹೋಗುತ್ತಾರೆ, ಎಂಥ ಜನ!

ಅವನು ಕುರಿ ಹಿಂಡನ್ನು ಅಣ್ಣನಿಗೆ ಬಿಟ್ಟುಕೊಟ್ಟು ಜವಾರಿ ಕೋಳಿಗಳನ್ನೇ ನಂಬಿ ಕೂತವನು. ಹೋದ ವರ್ಷ ಮಾನಮೋಡಿ ರೋಗ ಬಂದು ಕೋಳಿಗಳು ಕತ್ತು ತಿರುಚಿಕೊಂಡು, ಆಕಾಶದಲ್ಲಿ ಏನೋ ಹುಡುಕುವಂತೆ ನೋಡುತ್ತ ಒಂದರ ಹಿಂದೊಂದು ಬಿದ್ದಿದ್ದವು. ಗೂಡು ಖಾಲಿಯಾಗಿತ್ತು. ಮತ್ತೆ ಮರಿ ತಂದು, ಹದ್ದು ಬೆಕ್ಕುಗಳ ಬಾಯಿಂದ ತಪ್ಪಿಸಿ ದೊಡ್ಡವು ಮಾಡಿದ್ದ. ಈಗ ಹೊಳೆಯಾಚೆಯ ವಸ್ತಿಯಲ್ಲಿ ಮತ್ತೆ ಮಾನಮೋಡಿ ಕಾಣಿಸಿಕೊಂಡಿದೆ. ಇವತ್ತೇ ಕೋಳಿಗೆ ಲಸ, ಎಂದರೆ ಲಸಿಕೆ, ಬೀಳದಿದ್ದರೆ ಈ ವರ್ಷವೂ ಗೂಡು ಖಾಲಿ.

ದನದ ದವಾಖಾನೆಯ ಡಾಕ್ಟರ್ ಮೃಣಾಲ ಉಳಿದಿದ್ದ ಒಂದೇ ಬಾಟಲಿ ಕೊಟ್ಟು ಬಿಡಿಸಿ ಹೇಳಿದ್ದರು. "ಇದು ಮಾನಮೋಡೀದ ಸಣ್ಣ ತಮ್ಮ ಅಂತ ತಿಳೀರಿ. ಜೀವ ಐತಿ, ಜೋರಿಲ್ಲ. ತಾಲೀಮಿನ್ಯಾಗ ಎಳೇ ಪೈಲ್ವಾನನ ಜೋಡಿ ಕುಸ್ತಿ ಹಚ್ಚತಾರಲ್ಲ, ಹಂಗ. ಕೋಳಿ ಮೈ ಇದರ ಜೋಡಿ ಹಿಡದಾಡಿ ಡಾವು, ಪಟ್ಟು ಕಲೀತೈತಿ. ಮುಂದ ಖರೇ ಪೈಲ್ವಾನ ಬಂದ್ರ ಗುರತ ಹಿಡದು ಚಿತ್ತ ಮಾಡತೈತಿ. ನಳದ ನೀರು ಬ್ಯಾಡ್ರಿ, ಅದರಾಗ ಬ್ಲೀಚಿಂಗ್ ಪೌಡರ್ ಹಾಕಿರತಾರ, ಲಸ ಸಾಯತೈತಿ. ಬಾವಿ ನೀರಾಗ ಕಲಸ್ರಿ. ಅದಕಿಂತ ಮೊದಲ ಎರಡ ತಾಸು ಕೋಳಿಗೆ ಹನಿ ನೀರು ತೋರಸಬ್ಯಾಡ್ರಿ. ನೀರಡಿಸಿದ್ರನ ಗಟಗಟ ಕುಡೀತಾವ."

ಮಲ್ಲಾರಿ ಅಲ್ಲಿಂದಲೇ ಹೆಂಡತಿ ಮುಕ್ತಾಬಾಯಿಗೆ ಫೋನು ಮಾಡಿ ಕೋಳಿಯ ನೀರಿನ ಬೋಗುಣಿ ಎತ್ತಿಡಿಸಿದ್ದ.

ಅದೇ ಬಸ್ಸಿನಲ್ಲಿ, ಹೆಂಗಸರ ಸೀಟಿನಲ್ಲಿ, ಪಕ್ಕದ ಮನೆಯ ಸಾರಿಕಾ ಇದ್ದಳು. ವೈರಸ್ ಎಂಬ ಮಾತು ಅವಳ ಕಿವಿಗೂ ಬಿದ್ದಿತ್ತು. ಊರು ಬಂದದ್ದೇ ಮೊದಲು ಇಳಿದು, ಓಟದ ನಡಿಗೆಯಲ್ಲಿ ಮನೆ ಮುಟ್ಟಿದಳು. ಮಲ್ಲಾರಿ ಓಣಿಗೆ ಬರುವಷ್ಟರಲ್ಲಿ ಅವಳು ತನ್ನ ಕೋಳಿಗಳನ್ನೆಲ್ಲ ಹಿಡಿದು ಬುಟ್ಟಿಗಳಡಿ ಕವುಚಿ, ಮೇಲೆ ಕಲ್ಲು ಹೇರುತ್ತಿದ್ದಳು.

"ಅಲ್ಲೇ ನಿಂದರ್ರಿ ಮಾಮಾ! ಕೊರೋನಾದಾಗ ಊರಿಗೆಲ್ಲ ಬೇಲಿ ಹಚ್ಚಿ ಕಾದ್ವಿ. ನೀವು ರೋಗಾನ ಬರ್ಫದಾಗ ಇಟಗೊಂಡು ಮೆರವಣಿಗಿ ಮಾಡಿಕೋತ ಬರತೀರಿ?"

"ಇದು ಲಸ ಐತಿ ಮಾರಾಯ್ತಿ!"

"ಲಸ ಅಂತೀರಿ, ಜೀವಂತ ವೈರಸ್ ಅಂತೀರಿ. ಯಾವದರ ಒಂದು ಹೇಳ್ರಿ."

"ಎರಡೂ ಖರೇನ. ಬೇಕಾದ್ರ ನಿನ್ನ ಕೋಳಿಗೂ ಕುಡಸೋಣು ಬಾ."

"ನನ್ನ ಕೋಳಿ ಅದರ ಹನಿ ಮುಟ್ಟಂಗಿಲ್ಲ. ಸತ್ತರೂ ಇಲ್ಲ!" ಎಂದು ಇನ್ನೊಂದು ಕಲ್ಲು ಹೇರಿ, ಓಣಿಯ ಉಳಿದ ಮನೆಗಳಿಗೆ ಸುದ್ದಿ ಮುಟ್ಟಿಸಲು ಹೋದಳು.

ಉಪಕಾರಕ್ಕೆ ಇದು ಉತ್ತರವೇ ಎಂದು ಗೊಣಗುತ್ತಲೇ ಮಲ್ಲಾರಿ ಬಾವಿಯಿಂದ ನೀರು ಸೇದಿ ತಂದ. ಲಸ ಕಲಸಿ, ಬೋಗುಣಿಗಳಲ್ಲಿ ಹೊಯ್ದು, ಬೇವಿನ ನೆರಳಿನಲ್ಲಿ ಸಾಲಾಗಿ ಇಟ್ಟು, "ಬಾ ಬಾ ಬಾ" ಎಂದು ಕರೆದ. ಕೋಳಿಗಳು ಬಂದವು, ಬೋಗುಣಿಯಲ್ಲಿ ತಮ್ಮ ಮುಖ ನೋಡಿಕೊಂಡವು. ಎರಡನೇ ಪಂಕ್ತಿಗೂ ಕರೆಸಿಕೊಂಡ ಬೀಗರಂತೆ ಗಂಭೀರವಾಗಿ ತಿರುಗಿ ಹೋಗಿ ನೆರಳಿನಲ್ಲಿ ಕಣ್ಣು ಮುಚ್ಚಿದವು.

"ಕುಡೀರಲೇ, ನಿಮ್ಮ ಜೀವಕ್ಕ ಐತಿ!" ಒಂದನ್ನು ಹಿಡಿದು ಕೊಕ್ಕು ಅದ್ದಿದ. ಅದು ತಲೆ ಕೊಡವಿ ಲಸವನ್ನೆಲ್ಲ ಅವನ ಮೀಸೆಗೆ ಸಿಡಿಸಿತು.

"ಮುಕ್ತಾ! ನೀರು ಕೊಟ್ಟೀಯೇನ?"

"ನಾ ಯಾಕ ಕೊಡ್ಲಿರಿ? ನಾ ಗಿರಣಿಗೆ ಹೋಗಿದ್ನಿ."

ಗೋಡೆಯ ಆಚೆಯಿಂದ ತಣ್ಣನೆಯ ದನಿ ಬಂತು. "ನಾ ಕೊಟ್ಟೇನಪಾ."

ಚಂಪಾಬಾಯಿ. ಓಣಿಯ ಹಿರಿಯಳು. ಅರಿವೆಯಲ್ಲಿ ಸೋಸದ, ಕಾಸದ ನೀರನ್ನು ತಾನೂ ಕುಡಿಯದ, ಯಾರಿಗೂ ಕೊಡದ ಜೈನ ಮುದುಕಿ.

"ಬಾಯಿ ತಕ್ಕೊಂಡು ತೇಕಾಕತ್ತಿದ್ದೂ, ನೋಡಾಕ ಆಗ್ಲಿಲ್ಲ. ಗಾಳಸಿ, ಕಾಸಿ, ಆರಿಸಿ ಎರಡ ಕೊಡ ಇಟ್ಟೆ. ಹೆಂಗ ಕುಡದೂ ಅಂತಿ! ಅವುಕ್ಕ ನೀರು ಕಟ್ಟಿ ಹಾಕಿದ ಪಾಪ ಎಲ್ಲಿ ತೊಳೀತಿ ನೀ?"

"ಆಯೀ, ನೀರಡಿಸ್ಲಿ ಅಂತನ ಕಟ್ಟಿದ್ನಿ! ನಿಮ್ಮ ಪುಣ್ಯ ನನ್ನ ಕೋಳಿ ಕುತಗಿಗೆ ಬಂತು!"

"ದನಿ ಏರಸಬ್ಯಾಡ. ಲಸ ಅಂತ ಮೊದಲ ಹೇಳಬೇಕಿಲ್ಲೊ?"

"ಓಣಿಗೆಲ್ಲ ಡಂಗುರ ಹೊಡಸಬೇಕಿತ್ತೇನ್ರಿ?"

ಚಂಪಾಬಾಯಿಯ ಗಮನ ಆಗಲೇ ಬೇರೆ ಕಡೆ ಹೋಗಿತ್ತು. ಸಾರಿಕಾಳ ಅಂಗಳದಲ್ಲಿ ಬುಟ್ಟಿಗಳು ನಡುಗುತ್ತಿದ್ದವು. ಉರಿಬಿಸಿಲು. ಒಳಗಿನಿಂದ ಒಣಗಿದ ಗಂಟಲಿನ ಕೂಗು.

"ಅಯ್ಯ, ಇವನ್ನೂ ಯಾವ ಪಾಪಿ ಮುಚ್ಚಿದ್ದು?" ಎನ್ನುತ್ತ ಮುದುಕಿ ಕಲ್ಲು ಉರುಳಿಸಿ ಒಂದೊಂದೇ ಬುಟ್ಟಿ ಎತ್ತಿದಳು.

"ಬ್ಯಾಡ್ರೀ ಆಯೀ!" ಎಂದು ಮಲ್ಲಾರಿ ಕೂಗುವಷ್ಟರಲ್ಲಿ ಸಾರಿಕಾಳ ಕೋಳಿಗಳು, ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿದ ಕೂಡಲೇ ಹೊರಬಿದ್ದ ಕೂಲಿಗಳ ಹಾಗೆ, ಗೋಡೆ ಹಾರಿ ಬೇವಿನ ನೆರಳಿಗೆ ನುಗ್ಗಿದವು. ಅವನು ಟವೆಲ್ ಬೀಸಿದ, ಚಪ್ಪಲಿ ಎಸೆದ, ನಡುವೆ ಅಡ್ಡ ಬಿದ್ದ. ಅವು ಅವನ ಬೆನ್ನ ಮೇಲೆ ನಿಂತು ಕುಡಿದವು. ಡಾಕ್ಟರು ಹೇಳಿದಂತೆಯೇ, ಗಟಗಟ. ಬೋಗುಣಿಗಳ ತಳ ಕಂಡಿತು. ಅವನ ಕೋಳಿಗಳು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದವು.

ಸುದ್ದಿ ಹಂಚಿ ಬಂದ ಸಾರಿಕಾ ಈ ನೋಟ ಕಂಡು ಎದೆ ಬಡಿದುಕೊಂಡಳು. "ಕೊಂದ್ರಿ ಮಾಮಾ! ಹಗಲಾಗ ನನ್ನ ಕೋಳಿಗೆ ವಿಷಾ ಕುಡಿಸಿ ಕೊಂದ್ರಿ!"

"ನಿನ್ನ ಕೋಳಿ ನನ್ನ ಲಸಾ ಕಳವು ಮಾಡ್ಯಾವ! ಬಾಯಿ ಮಾಡಬೇಕಾದಾಂವ ನಾ!"

ಓಣಿ ಕೂಡಿತು. ಎಲ್ಲರೂ ಸಾರಿಕಾಳ ಕಡೆಗೇ. ಬಸ್ಸಿನ ಮುದುಕನಂತೆ ಎಲ್ಲರೂ ಅವನಿಂದ ನಾಲ್ಕು ಹೆಜ್ಜೆ ದೂರ ನಿಂತೇ ಬುದ್ಧಿ ಹೇಳಿದರು.

ಮಲ್ಲಾರಿ ಹಲ್ಲು ಕಡಿಯುತ್ತ ಊರಾಚೆಯ ದಿಬ್ಬಕ್ಕೆ ನಡೆದ. ಓಣಿಯ ಗದ್ದಲದಲ್ಲಿ ಫೋನು ಕೇಳುವಂತಿರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರು ಸಿಕ್ಕರು.

"ಬಾಟಲಿ ಮುಗದಾವ್ರಿ. ಹೊಸಾ ಮಾಲು ಯಾವಾಗ ಬರತೈತಿ ಹೇಳಾಕ ಬರೂದಿಲ್ಲ," ಎಂದರು ಮೃಣಾಲ. ಆಮೇಲೆ ಸ್ವಲ್ಪ ಯೋಚಿಸಿ, "ಒಂದ ದಾರಿ ಐತಿ. ಕುಡದ ಆ ಕೋಳಿ ಮೈಯಾಗ ಲಸದ ವೈರಸ್ ಈಗ ಬೆಳೀತೈತಿ. ಹಿಕ್ಕಿಯಾಗ, ಉಸಿರಿನ್ಯಾಗ ಹೊರಗ ಬೀಳತೈತಿ. ನಿಮ್ಮ ಕೋಳಿ ಅವುಗಳ ಜೋಡಿ ಒಂದ ಗೂಡಿನ್ಯಾಗ ಕೆಲವು ದಿನ ಇದ್ರ ಇವುಕ್ಕೂ ಹತ್ತಬಹುದು. ಪೂರಾ ಖಾತ್ರಿ ಕೊಡೂದಿಲ್ಲ. ಆದ್ರ ಅವುನ್ನ ಬಿಡಬ್ಯಾಡ್ರಿ."

ಮಲ್ಲಾರಿ ದಿಬ್ಬ ಇಳಿಯುತ್ತ ಸಿಟ್ಟನ್ನೆಲ್ಲ ನುಂಗಿದ. ಮನೆಯಿಂದ ಮೊರದ ತುಂಬ ಜೋಳ ತುಂಬಿಕೊಂಡು, ಮುಖದ ಮೇಲೆ ನಗು ತಂದುಕೊಂಡು ಸಾರಿಕಾಳ ಬಾಗಿಲಿಗೆ ಹೋದ. ಅವಳು ಅಂಗಳಕ್ಕೆ ಫಿನೈಲು ಹಾಕಿ ತಿಕ್ಕುತ್ತಿದ್ದಳು.

"ತಂಗೀ ಸಾರಿಕಾ, ಆದದ್ದು ಆಗಿ ಹೋತು. ನಿನ್ನ ಕೋಳಿ ಕೆಲವು ದಿನ ನನ್ನ ಗೂಡಿನ್ಯಾಗ ಇರಲೆವ್ವಾ. ಕಾಳು ನಂದು, ಚಾಕರಿ ನಂದು. ತತ್ತಿ ಇಟ್ರ ತತ್ತೀನೂ ನಿಂದ."

ಸಾರಿಕಾ ಪೊರಕೆ ಊರಿ ನಿಂತಳು.

"ಆ ರೋಗಿಷ್ಟ ಕೋಳಿ ಇನ್ನ ಮನಿಯಾಗ ಇಟಗೊಳ್ಳಾಕ ನನಗ ಹುಚ್ಚ ಹಿಡದೈತೇನ್ರಿ ಮಾಮಾ? ನಮ್ಮ ಮನಿಯವರು ಸೂಟಿ ಮುಗಿಸಿ ಇಚಲಕರಂಜಿಗೆ ಮಗ್ಗದ ಕೆಲಸಕ್ಕ ಹೊಂಟಿದ್ರು. ಕೋಳಿ ಎಲ್ಲಾ ಅವರ ಗಾಡಿಗೆ ಕಟ್ಟಿ ಕೊಟ್ಟು, ದಾರಿಯಾಗ ಮುರಗೂಡದಾಗ ಇಳಿಸಿ ಹೋಗ್ರಿ ಅಂದೆ."

"ಮುರಗೂಡದಾಗ ಯಾರ ಮನಿಗೆ?"

"ನಮ್ಮ ನಾದಿನಿ ಮನಿಗೆ," ಎಂದು ಸಾರಿಕಾ ಮತ್ತೆ ತಿಕ್ಕತೊಡಗಿದಳು. "ಆಕಿಗೆ ಏನಾರ ಒಂದು ಕೊಡಬೇಕಂತ ಭಾಳ ದಿನದಿಂದ ಮನಸಿನ್ಯಾಗಿತ್ರಿ."